ನೌಬಾದ್‌ನ ಸುರಂಗ ಬಾವಿಯೇ ಕ್ಲಾಸ್‌ರೂಮ್

ಆರ್ಕಿಟೆಕ್ಚರ್ ಡಿಗ್ರಿ ಐದು ವರ್ಷ.
ಅಷ್ಟರಲ್ಲಿ, ಊರಿನ ನೀರಿಗಾಗಿ ದನಿ ಎತ್ತೋದನ್ನ ಯಾರಾದ್ರೂ ಕಲಿಸ್ತಾರಾ?

ಬನ್ನಿ, ಬೀದರ್‌ನ ನೌಬಾದ್‌ಗೆ.

ಇಲ್ಲಿ ನೆಲದಡಿ ಒಂದು ಸುರಂಗ ಇದೆ.
ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದ.
ಜನ ಸುರಂಗ ಬಾವಿ ಅಂತಾರೆ.
ಓದಿದವರು ಕರೇಜ್ ಅಂತಾರೆ.
ಬಹಮನಿ ಸುಲ್ತಾನರ ಕಾಲದ್ದು.
ವಿದ್ಯೆ ಬಂದಿದ್ದು ಪರ್ಷಿಯಾದಿಂದ.

ಹೇಗಿದೆ ಗೊತ್ತಾ?
ನೆಲದೊಳಗೆ ಮಲಗಿಸಿದ ಕೊಳಲಿನ ಹಾಗೆ!
ಮೇಲೆ ಸಾಲು ಸಾಲು ತೂತು.
ಒಳಗೆ ಉಸಿರಿನ ಬದಲು ನೀರು.

ಜಂಬಿಟ್ಟಿಗೆ ಕಲ್ಲಲ್ಲಿ ಇಂಗಿದ ಮಳೆನೀರು,
ಸಣ್ಣ ಇಳಿಜಾರು ಹಿಡಿದು,
ತಾನಾಗೇ ಹರಿಯುತ್ತೆ.
ಪಂಪ್ ಬೇಡ. ಕರೆಂಟ್ ಬೇಡ.

ಆದ್ರೆ ಆ ತೂತುಗಳಿಗೆ ಕಸ ಬಿತ್ತು.
ಹೂಳು ತುಂಬಿತು.
ಊರು ಮರೆತೇಬಿಟ್ಟಿತ್ತು.

ಆಮೇಲೆ ಸಂಶೋಧಕರು ಸುರಂಗದ ದಾರಿ ಹುಡುಕಿದ್ರು.
ಬೀದರ್‌ನ ಟೀಮ್ ಯುವಾ ಅನ್ನೋ ಸಂಸ್ಥೆ ಜನರ ಹತ್ರ ಮಾತಾಡಿತು.
ಜಿಲ್ಲಾಡಳಿತ ಹೂಳು ತೆಗೆಸಿತು.

2016ರ ಬರದಲ್ಲಿ, ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ
ಕೆರೆ, ಬಾವಿಗಳಿಗೆ ಜೀವ ಕೊಡಿಸಿದ್ದನ್ನ ಇಲ್ಲಿನವರು ಇನ್ನೂ ನೆನೀತಾರೆ.

ದಖನ್ನಿನ ಹಳೇ ನೀರಿನ ವ್ಯವಸ್ಥೆಗಳು
ಕಾಪಾಡಬೇಕಾದ ಪರಂಪರೆಯ ತಾಣಗಳ 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿ ಸೇರಿದ್ವು.

ಈಗ ಹೇಳಿ, ಇದರಲ್ಲಿ ಡಿಸೈನ್ ಯಾವುದು, ಹೋರಾಟ ಯಾವುದು?
ಬೇರೆ ಮಾಡೋಕಾಗಲ್ಲ.
ಸುರಂಗ ಅಳೆಯೋಕೆ ಟೇಪ್ ಸಾಕು.
ಅದರ ಮೇಲೆ ಮನೆ ಕಟ್ಟಬೇಡಿ ಅಂತ ಒಪ್ಪಿಸೋಕೆ
ಜನರ ಜೊತೆ ಕೂತು ಮಾತಾಡಬೇಕು.
ನನ್ನ ಪ್ರಕಾರ, ಮಾರ್ಕ್ಸ್ ಕೊಡಬೇಕಾದ್ದು ಅದಕ್ಕೇ.

ಆರ್ಕಿಟೆಕ್ಚರ್ ಮೇಷ್ಟ್ರುಗಳೇ,
ಮುಂದಿನ ಸ್ಟುಡಿಯೋ ನೌಬಾದ್‌ನಲ್ಲಿ ನಡೆಸಿ.
ಆಮೇಲೆ ಭಾಲ್ಕಿಗೆ, ಔರಾದ್‌ಗೆ ಬಸ್ ಹತ್ತಿ.
ಅಲ್ಲಿನ ಹಳೇ ಬಾವಿಗಳ ನಕ್ಷೆಯನ್ನ
ಊರವರ ಜೊತೆ ಕೂತು ಬರೆಸಿ.
ನಿಮ್ಮ ವಿದ್ಯಾರ್ಥಿಗಳು ಆ ನಕ್ಷೆ ಹಿಡಿದು ಪಂಚಾಯ್ತಿಗೆ ಹೋಗಲಿ.