ಮೊಬೈಲಿನಲ್ಲಿ ರಸಾಯನ ವಿಜ್ಞಾನ: ಗಡಿಯಾಚೆಯ ಕನ್ನಡ ಮಕ್ಕಳಿಗೆ ಏನಿದೆ, ಹೇಗೆ ಬಳಸಬೇಕು?



ಮಗು ಎಂಟನೇ ತರಗತಿ ದಾಟಿದ ಕೂಡಲೇ ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಉಳಿದದ್ದು ಹೇಗೋ ಆಗುತ್ತೆ, ಈ ಕೆಮಿಸ್ಟ್ರಿಗೆ ಕನ್ನಡದಲ್ಲಿ ಟ್ಯೂಷನ್ ಎಲ್ಲಿದೆ?" ಹೊಸೂರು, ತಳಿ, ತಾಳವಾಡಿ ಕಡೆ ಅಂಥ ಟ್ಯೂಷನ್ ಸಿಗುವುದು ಕಷ್ಟ. ಸಿಕ್ಕರೂ ಪಾಠ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕೊನೆಗೆ ಮನೆಯ ಒಂದೇ ಮೊಬೈಲು ಮಗುವಿನ ಕೈ ಸೇರುತ್ತದೆ. ಮಗು ಏನನ್ನೋ ಹುಡುಕುತ್ತದೆ, ಇನ್ನೇನೋ ನೋಡುತ್ತದೆ, ನೀವು ಗದರುತ್ತೀರಿ.

ಆ ಮೊಬೈಲಿನಲ್ಲಿ ಕನ್ನಡದಲ್ಲೇ ರಸಾಯನ ವಿಜ್ಞಾನ ಕಲಿಯಲು ಸಾಕಷ್ಟು ಸಾಮಗ್ರಿ ಇದೆ, ಅದೂ ಉಚಿತವಾಗಿ. ಎಲ್ಲಿದೆ, ಹೇಗೆ ಬಳಸಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ. ನೀವು ರಸಾಯನ ವಿಜ್ಞಾನ ಓದಿರಬೇಕಾಗಿಲ್ಲ.

ಎಲ್ಲಿ ಏನಿದೆ?

ಮೊದಲನೆಯದು ಕೇಂದ್ರ ಸರ್ಕಾರದ ದೀಕ್ಷಾ. 2017ರಲ್ಲಿ ಆರಂಭವಾದ ಈ ಆ್ಯಪಿನಲ್ಲಿ ಕರ್ನಾಟಕದ ಕನ್ನಡ ಮಾಧ್ಯಮ ಪುಸ್ತಕಗಳಿಗೆ ಹೊಂದುವ ಪಾಠಗಳಿವೆ. ಪಾಠಪುಸ್ತಕದಲ್ಲಿರುವ ಚೌಕಾಕಾರದ ಕ್ಯೂಆರ್ ಕೋಡನ್ನು ಮೊಬೈಲಿಗೆ ತೋರಿಸಿದರೆ ಅದಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆಯುತ್ತದೆ. ನೆಟ್‌ವರ್ಕ್ ಇರುವಲ್ಲಿ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ 'ಸಂವೇದ' ಪಾಠಗಳು ಯೂಟ್ಯೂಬಿನಲ್ಲಿವೆ. ಕಾಸರಗೋಡಿನವರಿಗೆ ಕೇರಳದ ಕೈಟ್ ಸಂಸ್ಥೆ 'ಫಸ್ಟ್ ಬೆಲ್' ಹೆಸರಿನಲ್ಲಿ ಮಾಡಿದ ಕನ್ನಡ ಪಾಠಗಳು ಹತ್ತಿರವಾಗುತ್ತವೆ.

ಎರಡನೆಯದು ಫೆಟ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಇದು ವಿಡಿಯೊ ಅಲ್ಲ, ಮಗು ಬೆರಳಿನಿಂದ ಮುಟ್ಟಿ ಮಾಡುವ ಪ್ರಯೋಗ. ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನುಗಳನ್ನು ಎಳೆದು ಸೇರಿಸಿ ಪರಮಾಣು ಕಟ್ಟಬಹುದು. ಸಮೀಕರಣ ಸರಿದೂಗಿಸುವ ಪ್ರಯೋಗದಲ್ಲಿ ಅಂಕಿ ಬದಲಾಯಿಸಿದಂತೆ ಅಣುಗಳ ಚಿತ್ರವೂ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು ಸೇರಿದರೆ ಎರಡು ಅಮೋನಿಯಾ ಏಕೆ ಎಂಬುದನ್ನು ಮಗು ಕಣ್ಣಾರೆ ಎಣಿಸಿ ತಿಳಿಯುತ್ತದೆ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುವುದರಿಂದ ಅಂಚೆಟ್ಟಿ, ತಾಳವಾಡಿ ಬೆಟ್ಟದ ಹಳ್ಳಿಗಳವರಿಗೆ ದೊಡ್ಡ ಅನುಕೂಲ.

ಮೂರನೆಯದು ಅರವಿಂದ ಗುಪ್ತ ಅವರ ತಾಣ. ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಕಲಿಸಿದ ಇವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇಲ್ಲಿ ಕನ್ನಡದ ಪುಸ್ತಕಗಳೂ ಸಿಗುತ್ತವೆ. ಪುಸ್ತಕ ಓದುವ ಅಭ್ಯಾಸವಿರುವ ಮಗುವಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನೂ ತೋರಿಸಿ.

ಪಾಠದ ಸಂಖ್ಯೆ ನೋಡಬೇಡಿ, ವಿಷಯ ನೋಡಿ

ತಮಿಳುನಾಡಿನ ನಮ್ಮ ಮಕ್ಕಳ ಪುಸ್ತಕ ಕನ್ನಡದಲ್ಲಿದ್ದರೂ ಪಠ್ಯಕ್ರಮ ತಮಿಳುನಾಡಿನದು. ಕರ್ನಾಟಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಹತ್ತನೇ ತರಗತಿಗೆ ಬಂದರೆ, ತಮಿಳುನಾಡಿನಲ್ಲಿ ಒಂಬತ್ತನೆಯದಕ್ಕೇ ಬರುತ್ತದೆ. ಇಲ್ಲಿ ಹತ್ತನೆಯದರಲ್ಲಿ ದ್ರಾವಣಗಳಿಗೆ ಒಂದು ಪೂರ್ತಿ ಪಾಠವೇ ಇದೆ. ಆದ್ದರಿಂದ "ಹತ್ತನೇ ತರಗತಿ, ಎರಡನೇ ಪಾಠ" ಎಂದು ಹುಡುಕಿದರೆ ತಪ್ಪು ಪಾಠ ಸಿಗುತ್ತದೆ. ಪಾಠದ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದು ಹುಡುಕಲು ಹೇಳಿ. ಟೈಪ್ ಮಾಡಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳಿದರೂ ಆಗುತ್ತದೆ. ವಿಡಿಯೊ ಅರ್ಥ ಮಾಡಿಕೊಳ್ಳಲು, ಪರೀಕ್ಷೆಗೆ ಉತ್ತರ ಬರೆಯಲು ನಮ್ಮ ಪುಸ್ತಕ. ಇದನ್ನು ಮಗುವಿಗೆ ಮೊದಲೇ ತಿಳಿಸಿ.

ಒಂದೇ ಮಾತು, ಬೇರೆ ಅರ್ಥ

ಕನ್ನಡ, ತಮಿಳು ಎರಡರಲ್ಲೂ ಓದಿದವನಾಗಿ ಹೇಳುತ್ತಿದ್ದೇನೆ. ನಮ್ಮ ಮಕ್ಕಳು ಎಡವುವುದು ಬಹಳ ಸಲ ರಸಾಯನ ವಿಜ್ಞಾನದಲ್ಲಿ ಅಲ್ಲ, ಪದಗಳಲ್ಲಿ. ಕನ್ನಡದಲ್ಲಿ ಪರಮಾಣುಗಳು ಸೇರಿದರೆ ಅಣು. ತಮಿಳಿನಲ್ಲಿ 'ಅಣು' ಎಂದರೆ ಪರಮಾಣು. ನಮ್ಮ ಅಣುವಿಗೆ ಅವರು 'ಮೂಲಕ್ಕೂರು' ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಪೋಷಕರಿಗೂ ಇದೇ ತೊಡಕು: ಮರಾಠಿಯಲ್ಲಿ ಪರಮಾಣುವಿಗೆ 'ಅಣು', ಅಣುವಿಗೆ 'ರೇಣು'. ನಮ್ಮ ಪುಸ್ತಕದ 'ಧಾತು' ತಮಿಳಿನಲ್ಲಿ 'ತನಿಮಂ'. ಆದರೆ ತಮಿಳಿನ 'ತಾದು' ಎಂದರೆ ಅದಿರು! ನಮ್ಮ ಲೋಹ ಅವರಿಗೆ 'ಉಲೋಗಂ', ಅಲೋಹ 'ಅಲೋಗಂ'. ಕಿವಿಗೆ ಒಂದಕ್ಷರದ ವ್ಯತ್ಯಾಸ, ಅರ್ಥ ತದ್ವಿರುದ್ಧ. ಪ್ರತ್ಯಾಮ್ಲಕ್ಕೆ ತಮಿಳಿನಲ್ಲಿ 'ಕಾರಂ'. ಕನ್ನಡದ ಮಗು ಅದನ್ನು ಮೆಣಸಿನಕಾಯಿಯ ಖಾರ ಎಂದುಕೊಂಡರೆ ಅದರ ತಪ್ಪೇನು?

ಮನೆಯೊಳಗೂ ಇಂಥದೇ ಗೊಂದಲವಿದೆ. ನೀವು ಓದಿದ್ದು ಜಲಜನಕ, ಆಮ್ಲಜನಕ; ಮಗುವಿನ ಪುಸ್ತಕದಲ್ಲಿ ಹೈಡ್ರೋಜನ್, ಆಕ್ಸಿಜನ್. ಎರಡೂ ಒಂದೇ ಎಂದು ಹೇಳಿಕೊಡಿ. ಹೈಡ್ರೋಜನ್ನಿಗೆ ಎಲ್ಲ ಭಾಷೆಯ ಪುಸ್ತಕದಲ್ಲೂ ಸಂಕೇತ ಒಂದೇ. ಸಂಕೇತ ಗಟ್ಟಿಯಾದ ಮಗು ಯಾವ ಮಾಧ್ಯಮಕ್ಕೆ ಹೋದರೂ ಹೆದರುವುದಿಲ್ಲ.

ಹತ್ತನೆಯದಾದ ಮೇಲೆ ಪ್ಲಸ್ ಒನ್‌ನಲ್ಲಿ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಬೇಕಾಗುತ್ತದೆ. ವಿಜ್ಞಾನದಲ್ಲಿ ಆಸೆಯಿದ್ದೂ ಈ ಭಯಕ್ಕೆ ಬೇರೆ ವಿಭಾಗ ಹಿಡಿದ ಮಕ್ಕಳನ್ನು ನಾನು ಕಂಡಿದ್ದೇನೆ. ಹಾಗಾಗದಿರಲು ಒಂಬತ್ತನೆಯದರಿಂದಲೇ ಒಂದು ನೋಟುಪುಸ್ತಕ ಮಾಡಿಸಿ. ಪುಟಕ್ಕೆ ಮೂರು ಸಾಲು ಗೆರೆ: ಕನ್ನಡ ಪದ, ತಮಿಳು ಪದ, ಇಂಗ್ಲಿಷ್ ಪದ. ದಿನಕ್ಕೆ ಎರಡು ಪದ ಸಾಕು. ಪಾಠ ಕನ್ನಡದಲ್ಲಿ ಅರ್ಥವಾದ ಮೇಲೆ ಅದೇ ವಿಷಯವನ್ನು ತಮಿಳುನಾಡು ಸರ್ಕಾರದ 'ಮಣರ್ಕೇಣಿ' ಆ್ಯಪಿನಲ್ಲಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ನೋಡಲಿ. ಈ ಕ್ರಮ ತಿರುಗುಮುರುಗಾಗಬಾರದು. ಮೊದಲು ಅರ್ಥ, ಆಮೇಲೆ ಇನ್ನೊಂದು ಭಾಷೆಯ ಹೆಸರು.

ನೋಡಿದ್ದನ್ನು ಅಡುಗೆಮನೆಯಲ್ಲಿ ಮಾಡಿಸಿ

ವಿಡಿಯೊ ನೋಡಿದ್ದು ಕೈಯಲ್ಲಿ ಮಾಡಿದರೆ ಮಾತ್ರ ನಿಲ್ಲುತ್ತದೆ. ಬಿಳಿ ಕಾಗದಕ್ಕೆ ಅರಿಶಿನ ಕಲಸಿದ ನೀರು ಹಚ್ಚಿ ಒಣಗಿಸಿ. ಸೋಪಿನ ನೀರು ತಾಗಿದರೆ ಕೆಂಪಾಗುತ್ತದೆ, ಅದು ಪ್ರತ್ಯಾಮ್ಲ. ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ, ಅದು ಆಮ್ಲ. ಶುಭಕಾರ್ಯಗಳಲ್ಲಿ ಆರತಿಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡುತ್ತೇವಲ್ಲ, ಅದೂ ಇದೇ ಕ್ರಿಯೆ. ಕೆಂಪು ದಾಸವಾಳ ಕುದಿಸಿದ ನೀರು ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿದರೆ ಬುಸ್ಸೆಂದು ಬರುವುದು ಇಂಗಾಲದ ಡೈಆಕ್ಸೈಡ್. ಉರಿಯುವ ಊದುಬತ್ತಿಯ ಕಿಡಿಯನ್ನು ಆ ಲೋಟದೊಳಗೆ ಹಿಡಿದರೆ ಆರಿಹೋಗುತ್ತದೆ.

ಎಚ್ಚರ ಬೇಕಾದ ಕಡೆ

ಯೂಟ್ಯೂಬಿನಲ್ಲಿ ಢಂ ಎನ್ನಿಸುವ, ಹೊಗೆ ಎಬ್ಬಿಸುವ "ಪ್ರಯೋಗ"ಗಳು ಬೇಕಾದಷ್ಟಿವೆ. ಬೆಂಕಿ, ಆಸಿಡ್, ಪಟಾಕಿ ಮದ್ದು ಇರುವ ಯಾವುದನ್ನೂ ಮನೆಯಲ್ಲಿ ಮಾಡಿಸಬೇಡಿ. ಪಾಯಿಖಾನೆ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ಈ ಮಾತು ಮಕ್ಕಳಿಗಷ್ಟೇ ಅಲ್ಲ, ಮನೆ ತೊಳೆಯುವ ಎಲ್ಲರಿಗೂ. ಸುಣ್ಣ ಬಳಸುವಾಗ ದೊಡ್ಡವರು ಪಕ್ಕದಲ್ಲಿರಬೇಕು. ಕಣ್ಣಿಗೆ ಸಿಡಿದರೆ ಕೂಡಲೇ ತುಂಬ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ನೀವು ಮಾಡಬೇಕಾದದ್ದು

ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಗೊತ್ತುಮಾಡಿ. ಮೊಬೈಲು ಮಗುವಿನ ಕೈಯಲ್ಲಿರಲಿ, ಮಗು ನಿಮ್ಮ ಪಕ್ಕದಲ್ಲಿರಲಿ. ನೋಡಿ ಮುಗಿದ ಮೇಲೆ ಮೊಬೈಲು ಕೆಳಗಿಡಿಸಿ, "ಏನು ನೋಡ್ದೆ, ನಂಗೂ ಒಸಿ ಹೇಳು" ಅನ್ನಿ. ನಿಮಗೆ ಅರ್ಥವಾಗುವ ಹಾಗೆ ಮಗು ಹೇಳಿದರೆ ಅದಕ್ಕೆ ಅರ್ಥವಾಗಿದೆ ಎಂದೇ ಲೆಕ್ಕ. ತಡವರಿಸಿದರೆ ಬೈಯಬೇಡಿ, ಆ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಿ, ಮರುದಿನ ಶಾಲೆಯಲ್ಲಿ ಮೇಷ್ಟ್ರನ್ನು ಕೇಳಲು ಹೇಳಿ.

ಇನ್ನೊಂದು ಕೆಲಸ ನಿಮ್ಮಿಂದ ಮಾತ್ರ ಸಾಧ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು. ಮುಂದಿನ ಸಭೆಗೆ ತಪ್ಪದೆ ಹೋಗಿ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ವಾರಕ್ಕೆ ಒಂದು ಪೀರಿಯಡ್ ಕನ್ನಡದ ಪ್ರಯೋಗಗಳನ್ನು ಅದರಲ್ಲಿ ತೋರಿಸಬೇಕೆಂದು ಕೇಳಿ. ಮನೆಯಲ್ಲಿ ಮೊಬೈಲೇ ಇಲ್ಲದ ಮಗುವೂ ಆಗ ಪರಮಾಣು ಕಟ್ಟಿ ನೋಡುತ್ತದೆ. ಕೇಳುವವರು ಇದ್ದ ಕಡೆ ಕನ್ನಡ ತರಗತಿಗಳು ಉಳಿದಿವೆ. ಆದ್ದರಿಂದ ಸಭೆಯ ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ದಾಖಲಾಗುವವರೆಗೆ ಎದ್ದು ಬರಬೇಡಿ.