ಪೆನ್ಸಿಲ್‌ಗಿಂತ ಮೊದಲು ಚಪ್ಪಾಳೆ

ಒಂದನೇ ತರಗತಿ ಸೇರುವ ಮಗುವಿಗೆ ಜೂನ್ 1ರ ಹೊತ್ತಿಗೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶ ಹೊರಡಿಸಿತು. ಅದು ಜಾರಿಗೆ ಬರಬೇಕಾಗಿದ್ದು 2025–26ರಿಂದ. ಯುಕೆಜಿ ಮುಗಿಸಿಯೂ ವಯಸ್ಸು ಸಾಲದೆ ನಿಂತ ಮಕ್ಕಳ ಅಪ್ಪ ಅಮ್ಮಂದಿರು ದನಿ ಎತ್ತಿದ ಮೇಲೆ, 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ ಸರ್ಕಾರ ಮಿತಿಯನ್ನು 5 ವರ್ಷ 5 ತಿಂಗಳಿಗೆ ಇಳಿಸಿತು. ಈ ಗೊಂದಲದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮಗೂಗೆ ಒಂದು ವರ್ಷ ವೇಸ್ಟ್.’

ಯಲಹಂಕ ಉಪನಗರದ ತಾಯಿಯೊಬ್ಬರ ಪ್ರಶ್ನೆ ಹುಟ್ಟಿದ್ದೂ ಇದೇ ಆತಂಕದಲ್ಲಿ. ಮಗಳಿಗೆ ನಾಲ್ಕೂವರೆ. ಮನೆಯಲ್ಲಿ ಕನ್ನಡ, ಅಕ್ಕಪಕ್ಕ ತೆಲುಗು ಮತ್ತು ಹಿಂದಿ, ನರ್ಸರಿಯಲ್ಲಿ ಇಂಗ್ಲಿಷ್. ಪಕ್ಕದ ಮನೆಯ ಹುಡುಗ ಇಂಗ್ಲಿಷ್ ಅಕ್ಷರಗಳ ಧ್ವನಿ ಕಲಿಸುವ ಫೋನಿಕ್ಸ್ ಕ್ಲಾಸಿಗೆ ಹೋಗುತ್ತಿದ್ದಾನೆ. ‘ನಾನು ಮನೇಲೇ ಕೂರಿಸಿ ಅ ಆ ಇ ಈ ತಿದ್ದಿಸಲಾ?’

ತಿದ್ದಿಸುವ ಆತುರ ಬೇಡ, ಸದ್ಯಕ್ಕೆ ಅವಳ ಕಿವಿಗೆ ಕೆಲಸ ಕೊಡಿ ಎಂಬುದು ನನ್ನ ಉತ್ತರ. ಇದಕ್ಕೆ ಆಧಾರವಿದೆ. ಅದರಲ್ಲಿ ಒಂದು ಮುಖ್ಯ ಪಾಲು ಸಿಕ್ಕಿದ್ದು ಕನ್ನಡದ ಮಕ್ಕಳಿಂದಲೇ.

ಕಥೆ ಶುರುವಾಗುವುದು ಪೋರ್ಚುಗಲ್‌ನಲ್ಲಿ. 1979ರಲ್ಲಿ ಜೋಸೆ ಮೊರಾಯಿಸ್ ಎಂಬ ಮನೋವಿಜ್ಞಾನಿಯೂ ಸಂಗಡಿಗರೂ ಅಲ್ಲಿನ ಹಳ್ಳಿಗಾಡಿನ ವಯಸ್ಕರಿಗೆ ಒಂದು ಸಣ್ಣ ಆಟ ಕೊಟ್ಟರು: ನಾನು ಹೇಳುವ ಪದದ ಮೊದಲ ಧ್ವನಿ ತೆಗೆದು ಉಳಿದದ್ದನ್ನು ಹೇಳಿ. ದೊಡ್ಡವರಾದ ಮೇಲಾದರೂ ಓದು ಕಲಿತಿದ್ದವರಿಗೆ ಇದು ಸಾಧ್ಯವಾಯಿತು. ಶಾಲೆಯ ಮುಖವನ್ನೇ ಕಾಣದಿದ್ದವರು ಹೆಚ್ಚಿನಂಶ ಸೋತರು. ಅವರೂ ದಿನವಿಡೀ ಅದೇ ಧ್ವನಿಗಳಲ್ಲಿ ಮಾತಾಡುವವರು, ಹಾಡುವವರು, ಸಂತೆಯಲ್ಲಿ ಚೌಕಾಸಿ ಮಾಡುವವರು. ಆದರೂ ಮಾತನ್ನು ಬಿಡಿ ಬಿಡಿ ಧ್ವನಿಗಳಾಗಿ ಒಡೆಯುವುದು ಆಗಲಿಲ್ಲ. ಹಾಗೆ ಒಡೆಯುವ ಶಕ್ತಿ ವಯಸ್ಸಾದಂತೆ ತಾನಾಗಿ ಬರುವುದಿಲ್ಲ, ಎ ಬಿ ಸಿ ಡಿಯಂಥ ಲಿಪಿಯನ್ನು ಕಲಿಯುವಾಗ ಬರುತ್ತದೆ ಎಂಬ ತೀರ್ಮಾನಕ್ಕೆ ಮೊರಾಯಿಸ್ ತಂಡ ಬಂತು.

ಹಾಗಾದರೆ ಅಂಥ ಲಿಪಿಯೇ ಅಲ್ಲದ ಕನ್ನಡ ಓದುವವರ ಗತಿ? ಈ ಪ್ರಶ್ನೆ ನನಗೆ ಬಹಳ ಇಷ್ಟ. 1990ರ ದಶಕದ ಆರಂಭದಲ್ಲಿ ಪ್ರತಿಭಾ ಕಾರಂತ ಮತ್ತು ಸಂಗಡಿಗರು ಇದನ್ನು ಕೈಗೆತ್ತಿಕೊಂಡರು. ಕನ್ನಡವೊಂದನ್ನೇ ಓದಬಲ್ಲವರು ಪ್ರಾಸ ಗುರುತಿಸುವುದರಲ್ಲಿ, ಅಕ್ಷರ ತೆಗೆಯುವುದರಲ್ಲಿ ಸಲೀಸು. ಅಕ್ಷರದ ಒಳಗಿನ ಧ್ವನಿಯನ್ನು ಬಿಡಿಸಿ ಅಂದರೆ ಮಾತ್ರ ತಡವರಿಸುತ್ತಾರೆ.

ನೀವೇ ಮಾಡಿ ನೋಡಿ. ‘ಮರ’ದಲ್ಲಿ ‘ಮ’ ತೆಗೆದರೆ ‘ರ’. ಪುಟ್ಟ ಮಗುವೂ ಹೇಳೀತು. ಅದೇ ‘ಮರ’ದಲ್ಲಿ ‘ಮ್’ ಎಂಬ ವ್ಯಂಜನ ಮಾತ್ರ ತೆಗೆದು, ಸ್ವರ ಹಾಗೇ ಉಳಿಸಿದರೆ? ಉತ್ತರ ‘ಅರ’. ದೊಡ್ಡವರೂ ಒಂದು ಗಳಿಗೆ ನಿಲ್ಲುತ್ತಾರೆ. ರುಬ್ಬಿದ ದೋಸೆಹಿಟ್ಟಿನಿಂದ ಉದ್ದನ್ನಷ್ಟೇ ಆರಿಸಿ ಕೊಡು ಎಂದು ಕೇಳಿದಂತೆ ಇದು. ‘ಕಿ’ ಎಂಬಲ್ಲಿ ಕ್ ಮತ್ತು ಇ ಎರಡೂ ಇವೆ ನಿಜ, ಆದರೆ ನಮ್ಮ ನಾಲಿಗೆ, ಕಿವಿ, ಲಿಪಿ ಮೂರೂ ಅದನ್ನು ಒಂದೇ ಹಿಟ್ಟಾಗಿ ಕಾಣುತ್ತವೆ. ಅಕ್ಕಿಯೆಷ್ಟು ಉದ್ದೆಷ್ಟು ಎಂಬುದು ರುಬ್ಬುವವರಿಗೆ ಗೊತ್ತಿದ್ದರೆ ಸಾಕು, ತಿನ್ನುವ ಮಗುವಿಗೆ ದೋಸೆ ಸಾಕು. ಕನ್ನಡದ ಮಗು ಓದಿಗೆ ಕಾಲಿಡುವುದು ಹೀಗೆ ಹಿಟ್ಟಾದ ಅಕ್ಷರಗಳ ಮೂಲಕ.

ಇದನ್ನು ನಮ್ಮ ಮಕ್ಕಳ ತರಗತಿಗಳಲ್ಲೇ ವಿವರವಾಗಿ ಅಳೆದವರು ಸೋನಾಲಿ ನಾಗ್. ಬೆಂಗಳೂರಿನ ದಿ ಪ್ರಾಮಿಸ್ ಫೌಂಡೇಶನ್ ಎಂಬ ಸಂಸ್ಥೆಯಲ್ಲಿದ್ದುಕೊಂಡು ಕೆಲಸ ಮಾಡಿದವರು, ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ಕನ್ನಡ ಕಲಿಯುವ ಮಕ್ಕಳಿಗೆ ಅಕ್ಷರಗಳನ್ನು ಕಿವಿಯಲ್ಲಿ ಹಿಡಿದು ಆಡಿಸುವ ಶಕ್ತಿ ಬೇಗ ಬರುತ್ತದೆ, ಅದರೊಳಗಿನ ಧ್ವನಿಯ ಅರಿವು ನಿಧಾನವಾಗಿ ಬರುತ್ತದೆ. ಇದು ಒಂದು. ಅಕ್ಷರಗಳ ಕಲಿಕೆ ಒಂದು ವರ್ಷದಲ್ಲಿ ಮುಗಿಯುವುದೇ ಇಲ್ಲ, ನಾಲ್ಕನೇ ತರಗತಿಯವರೆಗೂ ಅದರಾಚೆಗೂ ನಡೆಯುತ್ತದೆ. ಇದು ಇನ್ನೊಂದು. ಇಂಗ್ಲಿಷಿನ 26 ಅಕ್ಷರಗಳ ಜೊತೆ ಹೋಲಿಸಿದರೆ ಕಾರಣ ಎದ್ದು ಕಾಣುತ್ತದೆ. 34 ವ್ಯಂಜನಗಳಿಗೆ ಕಾಗುಣಿತ ಹಾಕುತ್ತ ಹೋದರೇ 450 ರೂಪ ದಾಟುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ.

ಐದು ವರ್ಷ ಹಿಡಿಯುವ ಕೆಲಸದಲ್ಲಿ ನಾಲ್ಕೂವರೆಯ ಮಗುವನ್ನು ಎರಡು ತಿಂಗಳು ಮುಂಚೆ ಕೂರಿಸಿ ತಿದ್ದಿಸುವುದರಿಂದ ಏನು ಸಿಕ್ಕೀತು? ನನ್ನ ಲೆಕ್ಕದಲ್ಲಿ ಏನೂ ಇಲ್ಲ. ಕೈಬೆರಳಿನ ಸ್ನಾಯುಗಳು ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸದು. ಚಪಾತಿಹಿಟ್ಟು ನಾದಲಿ, ಅಜ್ಜಿಯ ರಂಗೋಲಿಯ ಚುಕ್ಕಿ ಸೇರಿಸಲಿ, ಅವರೆಕಾಯಿ ಸುಲಿಯಲಿ. ಪೆನ್ಸಿಲ್ ಹಿಡಿಯುವ ಬಲ ಅಲ್ಲಿಂದ ಬರುತ್ತದೆ.

ಕಿವಿಯ ಆಟಕ್ಕೆ ಬರೋಣ. ಬೆಂಗಳೂರಿನ ಉತ್ತರ ಭಾಗದವರಿಗೆ ಸಮಯವಂತೂ ಧಾರಾಳ, ಹೆಬ್ಬಾಳದ ಫ್ಲೈಓವರ್ ಕೊಡುತ್ತದೆ. ಗಾಡಿ ನಿಂತಾಗ ಊರ ಹೆಸರಿಗೆ ಚಪ್ಪಾಳೆ ತಟ್ಟಿಸಿ. ಯ-ಲ-ಹಂ-ಕ, ನಾಲ್ಕು. ಯ-ಶ-ವಂ-ತ-ಪು-ರ, ಆರು. ಈಗ ಹೆಬ್ಬಾಳ. ಮಗು ‘ಹೆಬ್-ಬಾ-ಳ’ ಎಂದು ತಟ್ಟುತ್ತದೆ. ಬೋರ್ಡಿನಲ್ಲಿ ಬರೆದಿರುವುದು ‘ಹೆ-ಬ್ಬಾ-ಳ’. ಬಾಯಿ ಒಂದು ಕಡೆ ಒಡೆದರೆ ಲಿಪಿ ಇನ್ನೊಂದು ಕಡೆ ಒಡೆಯುತ್ತದೆ. ಎರಡನೇ, ಮೂರನೇ ತರಗತಿಯ ಮಕ್ಕಳು ಒತ್ತಕ್ಷರದಲ್ಲಿ ಎಡವುವುದಕ್ಕೆ ಇದೂ ಒಂದು ಕಾರಣ. ಅದನ್ನು ಈಗಲೇ ತಿದ್ದಬೇಕಾಗಿಲ್ಲ. ಮಗು ತಟ್ಟಿದ್ದು ಮಾತಿನ ಪ್ರಕಾರ ಸರಿಯೇ ಇದೆ.

ಚಪ್ಪಾಳೆ ಸಲೀಸಾದ ಮೇಲೆ ತೆಗೆಯುವ ಆಟ.

‘ಅರಮನೆಯಿಂದ ಅರ ತೆಗೆದ್ರೆ ಏನು ಪುಟ್ಟಾ?’

‘ಮನೆ!’

‘ಮನೆಯಿಂದ ಮ ತೆಗೆದ್ರೆ?’

‘ನೆ!’

ಅರ್ಥವಿಲ್ಲದ ‘ನೆ’ ಉಳಿದಾಗಲೇ ಮಕ್ಕಳಿಗೆ ನಗು ಬರುವುದು. ಅರ್ಥವನ್ನು ಬದಿಗಿಟ್ಟು ಪದದ ಸದ್ದನ್ನಷ್ಟೇ ಕೇಳಿಸಿಕೊಂಡದ್ದರ ಗುರುತು ಅದು. ಸದ್ದನ್ನು ಹೀಗೆ ಬೇರೆಯಾಗಿ ಕೇಳಿಸಿಕೊಳ್ಳುವುದು ಓದಿನ ಅಡಿಪಾಯ. ಆಮೇಲೆ ತಿರುಗಿಸುವ ಆಟ: ಸರ ತಿರುಗಿದರೆ ರಸ. ಕಿಟಕಿ ತಿರುಗಿಸಿದರೂ ಕಿಟಕಿ, ಗದಗ ತಿರುಗಿಸಿದರೂ ಗದಗ, ಇಂಥ ಪದ ಸಿಕ್ಕಿದ ದಿನ ಮನೆಯಲ್ಲಿ ಹಬ್ಬ. ಅಂತ್ಯಾಕ್ಷರಿಯೂ ಇದೇ ಜಾತಿಯ ಆಟ, ಕೊನೆಯ ಅಕ್ಷರ ಹಿಡಿಯದೆ ಮುಂದಕ್ಕೆ ಹೋಗುವಂತಿಲ್ಲ. ಮನೆಮಾತು ತೆಲುಗು, ತಮಿಳು, ಹಿಂದಿ ಆಗಿದ್ದರೂ ಇವೆಲ್ಲ ನಡೆಯುತ್ತವೆ. ಆರ್‌.ಟಿ. ನಗರದ ಉರ್ದು ಮನೆಗಳಲ್ಲಿ ಬರೆಯುವ ಲಿಪಿಯ ಬಗೆ ಬೇರೆಯಾದರೂ ಚಪ್ಪಾಳೆಗೆ ಅಡ್ಡಿಯಿಲ್ಲ.

ಆಟದಿಂದ ನಿಜವಾಗಿಯೂ ಓದು ಬರುತ್ತದೆಯೇ ಎಂದು ಕೇಳಬೇಕು, ಕೇಳಲೇಬೇಕು. ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸುಮಾರು 400 ಮಕ್ಕಳನ್ನು ನಾಲ್ಕೈದು ವರ್ಷದವರಿದ್ದಾಗ ಪ್ರಾಸ ಗುರುತಿಸಲು ಹಚ್ಚಿ, ಆಮೇಲೆ ವರ್ಷಗಟ್ಟಲೆ ಅವರ ಓದನ್ನು ಗಮನಿಸಿದರು. ಸದ್ದು ಗುರುತಿಸುವುದರಲ್ಲಿ ಜಾಣರಾಗಿದ್ದವರು ಓದಿನಲ್ಲೂ ಮುಂದಿದ್ದರು. ಅಷ್ಟಕ್ಕೇ ನಿಲ್ಲದೆ, ಸದ್ದಿನ ವಿಷಯದಲ್ಲಿ ಹಿಂದಿದ್ದ ಕೆಲವರಿಗೆ ಎರಡು ವರ್ಷ ಆಗಾಗ ಈ ಆಟ ಆಡಿಸಿದರು. ಎಲ್ಲರಿಗಿಂತ ಹೆಚ್ಚು ಮುಂದೆ ಬಂದದ್ದು ಸದ್ದಿನ ಆಟದ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಯಲ್ಲಿ ಹಿಡಿದು ಜೋಡಿಸಿದ ಗುಂಪು. ಅಕ್ಷರ ತೋರಿಸಲೇಬಾರದು ಎಂದು ನಾನೂ ಹೇಳುತ್ತಿಲ್ಲ. ಆಟದ ನಡುವೆ ಬಸ್ಸಿನ ಬೋರ್ಡಿನ ‘ಯ’ ತೋರಿಸಿ, ಮಗುವಿನ ಹೆಸರಿನ ಮೊದಲಕ್ಷರ ತೋರಿಸಿ. ಸದ್ದು ಮೊದಲು ಬಂದು ಕೂರಲಿ, ಆಕಾರ ಅದರ ಪಕ್ಕಕ್ಕೆ ಬರಲಿ.

ಆರು ವರ್ಷಗಳ ಬಳಿಕ ಬ್ರಯಂಟ್ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು. ಮೂರು ವರ್ಷ ದಾಟಿದ ಹೊತ್ತಿಗೆ ಹೆಚ್ಚು ಶಿಶುಪ್ರಾಸ ಬಲ್ಲ ಮಕ್ಕಳು ಮುಂದೆ ಸದ್ದಿನ ಅರಿವಿನಲ್ಲೂ ಓದಿನಲ್ಲೂ ಚುರುಕಾಗಿದ್ದರು. ನಮ್ಮಲ್ಲಿ 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರಿದ್ದರು, ಅವರ ಹಿಂದೆಯೇ ಜಿ.ಪಿ. ರಾಜರತ್ನಂ ಬಂದರು. ಇಷ್ಟು ಶ್ರೀಮಂತ ಶಿಶುಗೀತೆಗಳಿರುವ ಭಾಷೆಯ ಮಗು ಯೂಟ್ಯೂಬಿನ ಇಂಗ್ಲಿಷ್ ರೈಮ್ ಮಾತ್ರ ಕೇಳಿ ಬೆಳೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸದ್ದಿನಷ್ಟೇ ಮುಖ್ಯ, ಮಾತು. ಅಕ್ಷರ ಕೂಡಿಸಿ ‘ಹೆಜ್ಜಾರ್ಲೆ’ ಎಂದು ಓದಿದ ಮಗುವಿಗೆ ಆ ಹಕ್ಕಿ ಗೊತ್ತಿಲ್ಲದಿದ್ದರೆ ಓದಿದ್ದು ವ್ಯರ್ಥ. ಇಲ್ಲಿ ನೆನೆಯಬೇಕಾದವರು ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್. 1988ರಲ್ಲಿ ಅವರ ತಂಡ ಎರಡರಿಂದ ಮೂರು ವರ್ಷದೊಳಗಿನ 30 ಮಕ್ಕಳನ್ನು ತೆಗೆದುಕೊಂಡಿತು. ಎಲ್ಲರ ಮನೆಯಲ್ಲೂ ಚಿತ್ರಪುಸ್ತಕ ಓದುವ ರೂಢಿ ಇತ್ತು. ಅರ್ಧ ಮನೆಗಳ ಪೋಷಕರಿಗೆ ಮಾತ್ರ ಓದುವ ರೀತಿ ಬದಲಿಸಲು ಹೇಳಿಕೊಟ್ಟರು: ಹೌದು ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ತಿರುಗಿ ಹೇಳಿ, ಕಥೆ ಹೇಳುವ ಕೆಲಸವನ್ನು ನಿಧಾನವಾಗಿ ಮಗುವಿಗೇ ಬಿಟ್ಟುಕೊಡಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಪರೀಕ್ಷೆಯಲ್ಲಿ ಉಳಿದವರಿಗಿಂತ ಆರೆಂಟು ತಿಂಗಳಷ್ಟು ಮುಂದಿತ್ತು.

ಆದ್ದರಿಂದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಬೇಕೆಂಬ ಹಟ ಬೇಡ. ನಾಯಿಯ ಚಿತ್ರ ತೋರಿಸಿ ಮಗು ‘ನಾಯಿ’ ಎಂದರೆ, ‘ಹೂಂ, ಒದ್ದೆಯಾದ ನಾಯಿ. ಯಾಕೆ ಒದ್ದೆಯಾಯ್ತು?’ ಎನ್ನಿ. ಅದೇ ಪುಟದಲ್ಲಿ ಹತ್ತು ನಿಮಿಷ ಕಳೆದರೆ ಒಳ್ಳೆಯದೇ ಆಯಿತು. ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಯೂ ಇಲ್ಲ. 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್, 2015ರಿಂದ ಸ್ಟೋರಿವೀವರ್ ಮೂಲಕ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಕೊಡುತ್ತಿದೆ. ಮೊಬೈಲಿನಲ್ಲಿ ತೆರೆದರೂ ಮಗುವಿನ ಪಕ್ಕದಲ್ಲಿ ನೀವು ಕೂತಿರಬೇಕು, ಅಷ್ಟೇ.

ಈ ಮಾತುಕತೆ ಮಿದುಳಿನಲ್ಲಿ ಕಾಣುತ್ತದೆಯೇ? 2018ರಲ್ಲಿ ಎಂಐಟಿಯ ರೇಚಲ್ ರೋಮಿಯೊ ಮತ್ತು ಸಂಗಡಿಗರು 4ರಿಂದ 6 ವರ್ಷದ 36 ಮಕ್ಕಳ ಮನೆಮಾತನ್ನು ಧ್ವನಿಮುದ್ರಿಸಿಕೊಂಡು, ಅವರು ಕಥೆ ಕೇಳುವಾಗ ಮಿದುಳಿನ ಸ್ಕ್ಯಾನ್ ಮಾಡಿದರು. ದೊಡ್ಡವರು ಒಟ್ಟು ಎಷ್ಟು ಪದ ಸುರಿದರು ಎಂಬುದಕ್ಕಿಂತ, ಮಗುವೂ ದೊಡ್ಡವರೂ ಸರದಿಯಂತೆ ಎಷ್ಟು ಬಾರಿ ಮಾತಾಡಿದರು ಎಂಬುದೇ ಭಾಷೆಯ ಭಾಗಗಳ ಚಟುವಟಿಕೆಯ ಜೊತೆ ಹೊಂದುತ್ತಿತ್ತು. ಮನೆಯ ವರಮಾನ, ಪೋಷಕರ ಓದು ಇವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಇದು ಉಳಿಯಿತು. ಸಣ್ಣ ಅಧ್ಯಯನ, ತೋರಿಸಿದ್ದು ನಂಟನ್ನು ಮಾತ್ರ. ವೈಟ್‌ಹರ್ಸ್ಟ್ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿದಾಗ ಅದಕ್ಕೆ ತೂಕ ಬರುತ್ತದೆ.

ಸರದಿಯ ಮಾತಿಗೆ ಜಕ್ಕೂರು ಕೆರೆಯ ಏರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹೆಜ್ಜಾರ್ಲೆಯ ಚೀಲದಂಥ ಗಂಟಲು, ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುವುದು, ನಾಮದ ಕೋಳಿಯ ಹಣೆಯ ಬಿಳಿ. ‘ಅದ್ಯಾಕೆ ತಾತ ಹಂಗೆ ನಿಂತಿದೆ?’ ಎಂದು ಮೊಮ್ಮಗಳು ಕೇಳಿದರೆ ತಾತ ಕೂಡಲೇ ಉತ್ತರ ಹೇಳದೆ, ‘ನಿಂಗೇನನ್ಸುತ್ತೆ?’ ಎಂದು ಕೇಳಲಿ. ಎಲ್ಲರ ಮನೆಯೂ ಕೆರೆಯ ಪಕ್ಕ ಇರುವುದಿಲ್ಲ ನಿಜ, ತರಕಾರಿ ಗಾಡಿಯ ಮುಂದೆಯೂ ಇದೇ ಮಾತು ನಡೆಯುತ್ತದೆ.

ಇದರ ಎದುರಿಗೆ ದುಡ್ಡು ಕೇಳುವ ಭರವಸೆಗಳನ್ನು ಇಟ್ಟು ನೋಡಿ. ಮೊಜಾರ್ಟ್ ಸಂಗೀತ ಕೇಳಿದರೆ ಮಗು ಬುದ್ಧಿವಂತವಾಗುತ್ತದೆ ಎಂಬ ನಂಬಿಕೆಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಮೋಸವನ್ನು ಮಂಗಳೂರಿನ ನರೇಂದ್ರ ನಾಯಕ್ ಬಯಲಿಗೆಳೆದಿದ್ದಾರೆ. ಪರದೆಯ ಮುಂದೆ ಕೂರಿಸಿ ಕಲಿಸುತ್ತೇವೆ ಎನ್ನುವವರಿಗೆ ಇದು ನೆನಪಿರಲಿ: ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಮೂರು ಗಂಟೆ ಓಡಾಟ ಬೇಕು, ಪರದೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಫೋನಿಕ್ಸ್ ಮೋಸವಲ್ಲ, ಇಂಗ್ಲಿಷ್ ಓದಲು ಅದು ಬೇಕಾಗುತ್ತದೆ. ಆದರೆ ಅಕ್ಷರದ ಸದ್ದೇ ಇನ್ನೂ ಪಳಗದ ಕನ್ನಡದ ಮಗುವಿಗೆ ಅದು ಮೊದಲ ಪಾಠವಾಗಬೇಕಿಲ್ಲ. ದುಡ್ಡು ಕೇಳದ ಜಾಗಗಳೂ ಇವೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಆರಂಭವಾದಾಗ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು ಟಿ. ನರಸೀಪುರದಲ್ಲಿ. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳು ಸರ್ಕಾರಿ ಮಾಂಟೆಸ್ಸರಿಗಳಾದವು. ಆ ಕೋಣೆಗಳಲ್ಲಿ ಹಾಡು ಮತ್ತು ಕಥೆಯ ಹೊತ್ತನ್ನು ಕಾಪಿ ಬರೆಸುವ ಕೆಲಸ ನುಂಗದಿರಲಿ ಎಂಬುದು ನನ್ನ ಕಳಕಳಿ.

ಲೆಕ್ಕದ ಬಗ್ಗೆಯೂ ಆ ತಾಯಿ ಕೇಳಿದ್ದರು. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ 1ರಿಂದ 10ರವರೆಗೆ ಮನೆಗಳಿರುವ ನೇರ ಪಟ್ಟಿಯ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಕಾಲು ಗಂಟೆಯಂತೆ ಆಡಿಸಿದರು. ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಕೂರುತ್ತದೆ ಎಂಬ ಅಂದಾಜು ಸ್ಪಷ್ಟವಾಗಿ ಸುಧಾರಿಸಿತು. ಅಳಗುಳಿಮಣೆಯಲ್ಲಿ ಗುಳಿಗೆ ಒಂದರಂತೆ ಹುಣಸೆಬೀಜ ಹಂಚುವಾಗಲೂ ಎಣಿಕೆ ಕೈಗೆ ಇಳಿಯುತ್ತದೆ.

ಆದರೆ ಆಟ ತಾನಾಗಿ ಶಾಲೆಯ ಗಣಿತವಾಗುವುದಿಲ್ಲ. ದೆಹಲಿಯಲ್ಲಿ ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪ್ರಥಮ್ ಸಂಸ್ಥೆಯ 214 ಶಾಲಾಪೂರ್ವ ಕೇಂದ್ರಗಳ 1,540 ಮಕ್ಕಳ ಮೇಲೆ ನಡೆಸಿದ ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳ ಗಣಿತದ ಆಟಗಳಿಂದ ಹೆಚ್ಚು ಕಡಿಮೆ, ಆಕಾರ ಇವುಗಳ ಅಂದಾಜು ಸುಧಾರಿಸಿ ವರ್ಷ ಕಳೆದರೂ ಉಳಿಯಿತು. ಒಂದನೇ ತರಗತಿಯ ಲೆಕ್ಕದಲ್ಲಿ ಮಾತ್ರ ಆ ಲಾಭ ಕಾಣಲಿಲ್ಲ. ಕೈಯಲ್ಲಿರುವ ಅಂದಾಜಿಗೂ ಪುಸ್ತಕದ ಅಂಕಿಗೂ ನಡುವೆ ಯಾರಾದರೂ ಸೇತುವೆ ಹಾಕಬೇಕು. ಆಟ ಮುಗಿದ ಮೇಲೆ ನೀವು ಗೆದ್ದ ಬೀಜವೆಷ್ಟು, ಮಗು ಗೆದ್ದ ಬೀಜವೆಷ್ಟು ಎಂದು ಎಣಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ 9 ಮತ್ತು 12 ಎಂದು ಬರೆಯಿರಿ. ಯಾರು ಗೆದ್ದರು, ಎಷ್ಟು ಬೀಜದಿಂದ ಗೆದ್ದರು ಎಂದು ಮಗುವೇ ಹೇಳಲಿ.