ಆರದ ಆರ್ಕಿನ ಲೆಕ್ಕಾಚಾರ

ಮಳೆಗಾಲದ ಇರುಳಿನಲ್ಲಿ ಮನೆಯ ದೀಪ ಒಮ್ಮೆ ಮಂಕಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಬೆಳಗುವುದನ್ನು ಯಾರು ಕಂಡಿಲ್ಲ? ಎಷ್ಟೋ ಮೈಲಿಗಳಾಚೆ, ಲಕ್ಷಗಟ್ಟಲೆ ವೋಲ್ಟುಗಳನ್ನು ಹೊತ್ತ ತಂತಿಗೆ ಸಿಡಿಲು ಬಡಿದಿರಬಹುದು. ಸಿಡಿಲೇನೋ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಅದು ಗಾಳಿಯಲ್ಲಿ ತೆರೆದ ಹಾದಿಯನ್ನೇ ಹಿಡಿದು ತಂತಿಯ ವಿದ್ಯುತ್ತು ಗೋಪುರಕ್ಕೆ ಹರಿಯತೊಡಗುತ್ತದೆ. ಪಿಂಗಾಣಿ ಬಿಲ್ಲೆಗಳ ಸರದ ಪಕ್ಕದಲ್ಲಿ ಬೆಂಕಿಯ ಬಿಲ್ಲೊಂದು ಕಟ್ಟಿಕೊಳ್ಳುತ್ತದೆ. ಇದೇ ಆರ್ಕ್.

ಮದ್ದು ಸುಲಭವೆಂದೇ ತೋರುತ್ತದೆ. ಮಾರ್ಗದ ಎರಡೂ ತುದಿಗಳ ಸ್ವಿಚ್ಚುಗಳು ತಾವಾಗಿ ಬಿಟ್ಟುಕೊಂಡರೆ ಆರ್ಕ್ ನಂದಬೇಕು; ಗಾಳಿ ತಣಿದ ಮೇಲೆ ಅವು ಮತ್ತೆ ಕೂಡಿಕೊಂಡರಾಯಿತು. ದೂರದ ಮಾರ್ಗಗಳಲ್ಲಿ ಮಾತ್ರ ಒಂದು ತೊಡಕುಂಟು. ಅಲ್ಲಿ ಮೂರು ತಂತಿಗಳ ಪೈಕಿ ಸಿಡಿಲು ಬಡಿದ ಒಂದನ್ನಷ್ಟೇ ಬಿಡಿಸಿ, ಉಳಿದೆರಡರಲ್ಲಿ ವಿದ್ಯುತ್ತನ್ನು ಸಾಗಿಸುವ ಪದ್ಧತಿಯಿದೆ. ಆ ನೆರೆಯ ತಂತಿಗಳೇ ನಡುವಣ ಗಾಳಿಯ ಮೂಲಕ ಆರ್ಕಿಗೆ ಕದ್ದು ತುತ್ತು ಉಣಿಸುತ್ತವೆ! ಮಾರ್ಗ ಉದ್ದವಾದಷ್ಟೂ ತುತ್ತು ದೊಡ್ಡದು. ಆತುರದಿಂದ ಸ್ವಿಚ್ಚು ಕೂಡಿಸಿದರೆ ಬೆಂಕಿ ಮರಳಿ ಹೊತ್ತುತ್ತದೆ. ಹೆಚ್ಚು ಕಾದರೆ ಎರಡು ಕಡೆಯ ಉತ್ಪಾದನಾ ಯಂತ್ರಗಳ ಲಯ ತಪ್ಪಿ ಊರೂರುಗಳೇ ಕತ್ತಲಲ್ಲಿ ಮುಳುಗಬಹುದು. ಸಾಮಾನ್ಯವಾಗಿ ದೊರೆಯುವ ಬಿಡುವು ಅರ್ಧ ಸೆಕೆಂಡು, ಹೆಚ್ಚೆಂದರೆ ಒಂದು ಸೆಕೆಂಡಿನ ಆಸುಪಾಸು.

ನಾಡಿಗೆ ಬೆಳಕು ಕೊಡುವ ತಂತಿಗೆ ಬೇಕೆಂದಾಗಲೆಲ್ಲ ಬೆಂಕಿಯಿಟ್ಟು ನೋಡುವುದು ಸಾಧ್ಯವಿಲ್ಲ. ಆದ್ದರಿಂದ ಇಡೀ ಮಾರ್ಗವನ್ನೂ ಅದರ ಆರ್ಕನ್ನೂ ಗಣಕಯಂತ್ರದೊಳಗೆ ಲೆಕ್ಕದ ರೂಪದಲ್ಲಿ ಕಟ್ಟಿ ಪರೀಕ್ಷಿಸುತ್ತಾರೆ. ತಂತಿ ಲೆಕ್ಕಕ್ಕೆ ಒಗ್ಗುತ್ತದೆ. ಅದರ ಕ್ಷಣಕ್ಷಣದ ಏರಿಳಿತಗಳನ್ನು ಗಣಿಸುವ ಕ್ರಮವೊಂದನ್ನು ಅಮೆರಿಕದ ಬಾನವಿಲ್ ವಿದ್ಯುತ್ ಸಂಸ್ಥೆಯಲ್ಲಿದ್ದ ಹರ್ಮನ್ ಡೊಮೆಲ್ 1969ರಲ್ಲಿ ಪ್ರಕಟಿಸಿದರು. ಹಟಮಾರಿಯೆಂದರೆ ಆರ್ಕೇ. ಅದರ ಈಗಿನ ನಡತೆ ಹಿಂದಿನ ಕ್ಷಣದ ಬಿಸಿಯನ್ನು ಅವಲಂಬಿಸಿದೆ. 1939ರಲ್ಲಿ ಕ್ಯಾಸಿ, 1943ರಲ್ಲಿ ಮಾಯರ್ ಅದಕ್ಕೆ ಸಮೀಕರಣಗಳನ್ನು ಕೊಟ್ಟರು. ಮಾಯರರ ದೃಷ್ಟಿಯಲ್ಲಿ ಅದು ಆಯವ್ಯಯದ ಪ್ರಶ್ನೆ: ಒಳಬರುವ ಶಕ್ತಿ ಹೊರಹೋಗುವ ಶಾಖವನ್ನು ಮೀರಿದರೆ ಆರ್ಕ್ ಕೊಬ್ಬುತ್ತದೆ, ಸಾಲದಾದರೆ ಸೊರಗುತ್ತದೆ. ಆದರೆ ಈ ಸಮೀಕರಣಗಳು ಸ್ವಿಚ್ಚಿನೊಳಗಿನ ಆರ್ಕನ್ನು ಕುರಿತವು. ಬಯಲಿನ ಆರ್ಕನ್ನು ಗಾಳಿ ಎಳೆದು ಉದ್ದವಾಗಿಸುತ್ತದೆ, ಡೊಂಕಾಗಿಸುತ್ತದೆ. ಅದಕ್ಕಾಗಿ ಲೆಕ್ಕದೊಳಗೂ ಹೊತ್ತು ಕಳೆದಂತೆ ಅದರ ಉದ್ದವನ್ನು ಹೆಚ್ಚಿಸಬೇಕಾಗುತ್ತದೆ.

ನೆರೆತಂತಿಗಳ ಕಳ್ಳತುತ್ತನ್ನು ತಡೆಯಲು ನಾಲ್ಕು ಸುರುಳಿಗಳ ಸಲಕರಣೆಯೊಂದನ್ನು 1964ರಲ್ಲಿ ಎಡ್ವರ್ಡ್ ಕಿಂಬಾರ್ಕ್ ವಿವರಿಸಿದರು. ಅದರ ಅಳತೆ ಮಾರ್ಗಕ್ಕೆ ತಕ್ಕಂತಿರಬೇಕು. ತಪ್ಪಿದರೆ ಬೆಂಕಿ ಆರುವುದಿರಲಿ, ಬಿಡಿಸಿಟ್ಟ ತಂತಿಯಲ್ಲೇ ವೋಲ್ಟೇಜು ಅಪಾಯಕರವಾಗಿ ಉಬ್ಬೀತು. ಸುರುಳಿ ಸುತ್ತುವ ಮೊದಲೇ ಎಂಜಿನಿಯರುಗಳು ಲೆಕ್ಕದ ಆರ್ಕನ್ನು ಮತ್ತೆ ಮತ್ತೆ ಹೊತ್ತಿಸಿ ನೋಡುವುದು ಇದಕ್ಕೇ.